ಚಷ್ಮಾ ಅಂಗಡಿಗೆ ಬಂದ ಗೇಮಿನವರು

ಕಣ್ಣು ತೋರಿಸಲು ಬಂದವರು ಎಲ್ಲವನ್ನೂ ಖರೆ ಹೇಳುತ್ತಾರೆ, ಒಂದನ್ನು ಬಿಟ್ಟು. "ಗೇಮ್ ಆಡತೀರೇನ್ರಿ?" ಅಂತ ಕೇಳಿದರೆ ಮಾತ್ರ ದೇವರಾಣೆ ಇಲ್ಲ ಅನ್ನುತ್ತಾರೆ. ಮೊನ್ನೆ ಒಬ್ಬರು, ಮೊಮ್ಮಕ್ಕಳನ್ನು ಕಂಡ ದೊಡ್ಡ ಮನುಷ್ಯರು, "ಫೋನ್ ಬಂದ್ರ ಎತ್ತತೇನಿ, ಮಾತಾಡಿ ಇಟ್ಟಬಿಡತೇನಿ, ಅಷ್ಟ" ಅನ್ನುವ ಹೊತ್ತಿಗೆ ಅವರ ಕಿಸೆಯೊಳಗಿಂದ ಒಂದು ಹೆಣ್ಣುದನಿ ನಿಮ್ಮ ಕೋಟೆಯ ಮೇಲೆ ದಾಳಿ ಆಗಿದೆ ಅಂತ ಇಂಗ್ಲಿಷಿನಲ್ಲಿ ಕೂಗಿತು. ಅವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ, "ಮನಿಯಿಂದ ಫೋನ್ ಬಂದೈತ್ರಿ" ಅಂದರು.

ನಮ್ಮ ಅಂಗಡಿ ಇರುವುದು ಗೋಕಾಕದಲ್ಲಿ. ವಾರಕ್ಕೊಂದು ದಿನ ಮೂಡಲಗಿ, ಒಂದು ದಿನ ಹುಕ್ಕೇರಿ, ಟ್ರಂಕಿನಲ್ಲಿ ಫ್ರೇಮು ತುಂಬಿಕೊಂಡು ನಾನೇ ಹೋಗುತ್ತೇನೆ. ಅಪ್ಪ ಕಲಿಸಿದ ಕೆಲಸ, ಅಪ್ಪನ ಟ್ರಂಕು. ಅಪ್ಪನ ಕಾಲದಲ್ಲಿ ಜನ ಪೇಪರ್ ಓದಲಿಕ್ಕೆ, ಸೂಜಿ ಪೋಣಿಸಲಿಕ್ಕೆ ಚಷ್ಮಾ ಕೇಳುತ್ತಿದ್ದರು. ಈಗ ಗೇಮಿಗೆ ಕೇಳುತ್ತಾರೆ. ಅದರಲ್ಲೂ ಎರಡು ಪಂಗಡ. ಫೋನೇ ಸಾಕು ಅನ್ನುವವರು ಒಂದು ಕಡೆ. ಗೇಮಿಗೆಂದೇ ಮಾಡಿದ, ಎರಡೂ ಬದಿಗೆ ಗುಂಡಿ ಇರುವ ಡಬ್ಬಿಯೇ ಬೇಕು ಅನ್ನುವವರು ಇನ್ನೊಂದು ಕಡೆ. ನಾನು ಯಾವ ಪಂಗಡಕ್ಕೂ ಸೇರಿದವಳಲ್ಲ. ಮೊದಲ ಲೆವಲ್ಲೇ ದಾಟಲಾಗದವಳು. ಹಾಗಾಗಿ ಈ ಜನರ ಬೆರಳು, ಕಿವಿ, ಕಣ್ಣು ಮಾಡುವ ಪವಾಡ ನೋಡುತ್ತ ಬಾಯಿ ತೆರೆದುಕೊಂಡು ಕೂರುವುದಷ್ಟೇ ನನ್ನ ಪಾಲಿಗೆ ಬಂದಿದೆ.

ಕುರಿ ಹಿಂಡು

ಹಿಡಕಲ್ ಕಡೆಯ ಕುರುಬರ ಅಜ್ಜ ಒಬ್ಬರು ಹುಕ್ಕೇರಿಯಲ್ಲಿ ನನ್ನ ಹತ್ತಿರ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮಗ ಕೊಡಿಸಿದ ದೊಡ್ಡ ಫೋನು. ದೂರದ ನೋಟ ಪರೀಕ್ಷೆ ಮಾಡಲು ಹೋದೆ, ಅವರೇ ನನ್ನ ಪರೀಕ್ಷೆ ಮಾಡಿದರು. ಬಾಗಿಲಾಚೆ ರಸ್ತೆಯ ಆ ತುದಿಯಲ್ಲಿ ಯಾರದೋ ಹಿಂಡು ಹೊರಟಿತ್ತು. "ಅಲ್ಲಿ ನಡುವಿನ ಕುರಿ ಹಿಂದಿನ ಕಾಲ ಎಳ್ಯಾಕತ್ತೈತಿ. ಕಾಣತೈತೇನವ್ವಾ?" ಅಂದರು. ನನಗೆ ಇಡೀ ಹಿಂಡೇ ಒಂದು ಧೂಳಿನ ಮುದ್ದೆಯಾಗಿತ್ತು.

"ಮತ್ತ ತ್ರಾಸ ಏನೈತ್ರಿ ಅಜ್ಜಾರ?"

"ಹೊರಗಿನ ಕುರಿ ಕಾಣತಾವ. ಇದರೊಳಗಿನ್ವು ಮಂಜ ಮಂಜ."

ಮೊಣಕಾಲು ಕೈಕೊಟ್ಟಮೇಲೆ ಅಜ್ಜ ಖರೆ ಕುರಿಗಳನ್ನು ಮಗನಿಗೆ ಒಪ್ಪಿಸಿ, ಫೋನಿನ ಹೊಲದಲ್ಲಿ ಹಿಂಡು ಕಟ್ಟಿದ್ದರು. ಫೋನನ್ನು ತೋಳಿನುದ್ದ ಆಚೆ ಹಿಡಿದು, ಕಣ್ಣು ಕಿರಿದು ಮಾಡಿ, ನನಗೆ ಒಂದೊಂದರ ಪರಿಚಯ ಹೇಳಿದರು. ಇದು ಗೌರಿ. ಇದು ಚಂದ್ರಿ. ಈ ಮೊಂಡ ಯಾವಾಗಲೂ ಬೇಲಿಗೆ ಹತ್ತಿ ನಿಲ್ಲುತ್ತದೆ. ಯಾವುದು ಮೇಯ್ದಿದೆ, ಯಾವುದಕ್ಕೆ ನೀರು ಬೇಕು ಎಂಬುದೆಲ್ಲ ಅವು ನಡೆಯುವ ರೀತಿಯಿಂದಲೇ ಅವರಿಗೆ ತಿಳಿಯುತ್ತಿತ್ತು. ಮಂಜಿನೊಳಗೇ ಹಿಂಡು ಕಾಯ್ದು ದೊಡ್ಡದು ಮಾಡಿದ್ದರು. ನಾನು ಮನಸ್ಸಿನಲ್ಲೇ ಕೈಮುಗಿದೆ.

ಹತ್ತಿರದ ನಂಬರಿನ ಗಾಜು ಹಾಕಿ ಕೊಟ್ಟೆ. ಅಜ್ಜ ಫೋನು ನೋಡಿದರು. ಇನ್ನಷ್ಟು ಹತ್ತಿರ ತಂದು ನೋಡಿದರು.

"ಯವ್ವಾ, ಇವುಗಳ ಮೈಮ್ಯಾಲಿನ ಉಣ್ಣೆ ಎಲ್ಲಿ ಹೋತ?"

ನಾನು ಈಚೆ ಬಂದು ಬಗ್ಗಿ ನೋಡಿದೆ. ಗುಲಾಬಿ ಬಣ್ಣ, ದುಂಡು ಮೈ, ಸುರುಳಿ ಬಾಲ.

"ಅಜ್ಜಾರ, ಇವು ಹಂದಿ ಅದಾವ್ರಿ."

ಅವರು ಚಷ್ಮಾ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಮತ್ತೆ ತೆಗೆದರು. ಆಮೇಲೆ ಅದನ್ನು ಮಡಿಚಿ ನನ್ನ ಕೈಗೆ ಕೊಟ್ಟು, "ಬ್ಯಾಡವ್ವಾ. ಚಷ್ಮಾ ಇಲ್ದಾಗ ನಾ ಕುರಿ ಮಾಲಕ ಇದ್ನಿ" ಅಂದರು.

ಟಗರು

ಮೂಡಲಗಿಯಲ್ಲಿ ನಾನು ಕುರ್ಚಿ ಹಾಕುವುದು ಒಂದು ಔಷಧ ಅಂಗಡಿಯ ಕಟ್ಟೆಯ ಮೇಲೆ. ಅಂಗಡಿಯ ಮಾಲಕರು ಗಂಭೀರ ಮನುಷ್ಯರು. ಒಂದು ದಿನ ಅವರ ಗಲ್ಲಾಪೆಟ್ಟಿಗೆಯ ಮೇಲೆ ಗೇಮಿನ ಡಬ್ಬಿ ಬಂದು ಕೂತಿತು. ಅಂಗೈಗಿಂತ ಅಗಲ, ನಡುವೆ ಪರದೆ, ಎರಡೂ ಬದಿಗೆ ಗುಂಡಿ. ಗುಳಿಗೆ ಒಯ್ಯಲು ಬಂದವರೆಲ್ಲ ಅದನ್ನೇ ನೋಡಿದರು. ಪಂಚೆ ಉಟ್ಟ ರೈತರೊಬ್ಬರು ವಿಚಾರಣೆಗೇ ನಿಂತರು.

"ಇದರಾಗ ಫೋನ್ ಬರತೈತೇನ್ರಿ?"

"ಇಲ್ರಿ."

"ಫೋಟೋ ತಗಿತೈತಿ?"

"ಇಲ್ಲ."

"ಕತ್ತಲದಾಗ ಬ್ಯಾಟರಿ ಹತ್ತತೈತಿ?"

"ಅದೂ ಇಲ್ರಿ. ಬರೇ ಗೇಮ್."

ಅವರು ಡಬ್ಬಿಯನ್ನು ಎತ್ತಿ ತೂಕ ನೋಡಿದರು. ಗುಂಡಿ ಒತ್ತಿ ನೋಡಿದರು. ಎಷ್ಟಾಯಿತು ಅಂತ ಕೇಳಿದರು. ಮಾಲಕರು ಹೇಳಿದ ಕೂಡಲೇ ಅದನ್ನು ಎರಡೂ ಕೈಯಿಂದ ಮೆಲ್ಲಗೆ ಕೆಳಗಿಟ್ಟರು. ಈಗ ಬೈಯುತ್ತಾರೆ ಅಂತ ನಾನು ಕಾದೆ. ಆದರೆ ಅವರ ಮುಖದಲ್ಲಿ ಭಕ್ತಿ ಮೂಡಿತ್ತು.

"ತಿಳೀತ ಬಿಡ್ರಿ. ಹಾಲ ಕೊಡೂದಿಲ್ಲ, ಗೊಬ್ಬರಕ್ಕಂತ ಅಲ್ಲ, ಮಾರಾಕಂತೂ ಅಲ್ಲ. ಬರೇ ಗುದ್ದಾಕಂತ ಸಾಕಿದ ಟಗರು. ನಮ್ಮ ಮನ್ಯಾಗೂ ಒಂದ ಐತ್ರಿ, ಬಾದಾಮಿ ತಿಂತೈತಿ."

ಮೂಗು

ಆ ಟಗರಿಗೆ ಎದುರಾಳಿಯೂ ಸಿಕ್ಕ. ನಾಗನೂರಿನ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಸಂದಿಯೊಳಗೆ ರಿವರ್ಸ್ ಹೊಡೆಯುವ ಗಂಡು. ಅವನ ಫೋನಿನ ಗಾಜು ಜೇಡರ ಬಲೆಯ ಹಾಗೆ ಒಡೆದಿತ್ತು. ಔಷಧ ಅಂಗಡಿಯವರ ಡಬ್ಬಿಯಲ್ಲೂ ಇವನ ಫೋನಿನಲ್ಲೂ ಒಂದೇ ಕಾರ್ ರೇಸಿನ ಗೇಮು. ನೆಟ್ಟಿನಲ್ಲಿ ಜೋಡಿಸಿಕೊಂಡು ಕಟ್ಟೆಯ ಮೇಲೆ ಎದುರುಬದುರು ಕೂರುತ್ತಿದ್ದರು. ಮಾಲಕರು ಗುಂಡಿ ಒತ್ತಿ ಒತ್ತಿ ಬೆವರುತ್ತಿದ್ದರು. ಇವನು ಒಡಕು ಗಾಜಿನ ಮೇಲೆ ಎರಡು ಹೆಬ್ಬಟ್ಟು ಆಡಿಸುತ್ತ, ನಡುನಡುವೆ ದಾರಿಹೋಕರಿಗೆ "ಆರಾಮ್ರಿ ಕಾಕಾ?" ಅನ್ನುತ್ತ ಗೆಲ್ಲುತ್ತಿದ್ದ. ಫೋನು ನೋಡುತ್ತಿದ್ದನೋ ಇಲ್ಲವೋ ನನಗೇ ಅನುಮಾನ. ಕಟ್ಟೆಯ ಸುತ್ತ ಜನ ಸೇರುತ್ತಿದ್ದರು.

"ತಮ್ಮಾ, ಇಂಥಾ ಗಾಜ ನೋಡಿದ್ರ ಕಣ್ಣ ಕೆಡತಾವ. ಹೊಸಾದ ಹಾಕಸ" ಅಂತ ಹೇಳಿದವಳು ನಾನೇ. ಪಾಪ, ಹಾಕಿಸಿದ. ಅಂದೇ ಸೋತ. ಮರುವಾರವೂ ಸೋತ. ಔಷಧ ಅಂಗಡಿಯವರು ಆ ವಾರ ಎಲ್ಲರಿಗೂ ನಗುನಗುತ್ತ ಗುಳಿಗೆ ಕೊಟ್ಟರು.

ಡ್ರೈವರ್ ನೇರ ನನ್ನ ಕುರ್ಚಿಗೆ ಬಂದ. "ನಿಮ್ಮ ಮಾತ ಕೇಳಿ ಕೆಟ್ನಿ ನೋಡ್ರಿ ಅಕ್ಕಾರ."

"ಯಾಕಪಾ? ಗಾಜ ಚೊಲೋ ಐತೆಲ್ಲ."

"ಅದ ತ್ರಾಸ. ಮದ್ಲ ಎಡಕ್ಕ ಒಂದ ಸೀಳ ಇತ್ತಲ್ಲ, ಅಲ್ಲಿ ಹೆಬ್ಬಟ್ಟ ಇಟ್ರ ಬ್ರೇಕ್. ಬಲಕ್ಕ ಸೀಳ ಕವಲ ಒಡೀತಿತ್ತ, ಅಲ್ಲಿ ಒತ್ತಿದ್ರ ಜೋರ. ಕಣ್ಣ ರಸ್ತಾದ ಮ್ಯಾಲ, ಬಟ್ಟ ಸೀಳಿನ ಮ್ಯಾಲ. ಈಗ ಎಲ್ಲಾ ನುಣ್ಣಗ ಐತಿ. ಬದು ಇಲ್ಲದ ಹೊಲದಾಗ ಟ್ರ್ಯಾಕ್ಟರ್ ಹೊಡದಂಗ ಆಗತೈತಿ, ನಂದ್ಯಾವ್ದ, ಮಂದೀದ್ಯಾವ್ದ ಗೊತ್ತಾಗವಲ್ದ."

ಅಂಗಡಿಯವರು ಅಷ್ಟು ರೊಕ್ಕ ಕೊಟ್ಟು ತಂದ ಗುಂಡಿಗಳನ್ನು ಇವನು ಒಡಕಿನಲ್ಲೇ ಕಂಡುಕೊಂಡಿದ್ದ.

"ನಿಮ್ಮ ಕಡೆ ಗಾಜ ತೇಯೂ ಮಷಿನ್ ಐತೆಲ್ರಿ. ಹಿಂದಿನಂಗ ಎರಡ ಗೆರಿ ಹಾಕಿಕೊಡ್ರಿ" ಅಂತ ಹೊಸ ಗಾಜಿನ ಫೋನನ್ನು ಚಾಚಿದ.

ಹೊಸ ಗಾಜು ಸೀಳಲು ನನಗೆ ಕೈ ಬರಲಿಲ್ಲ. ಟ್ರಂಕಿನಲ್ಲಿ ಹುಡುಕಿದೆ. ಚಷ್ಮಾ ಮೂಗಿನ ಮೇಲೆ ಜಾರದಿರಲಿ ಅಂತ ಒಳಗೆ ಎರಡು ಮೆತ್ತನೆಯ ಬೊಟ್ಟು ಇರುತ್ತವಲ್ಲ, ಅಂಥವೆರಡನ್ನು ತೆಗೆದು ಅವನು ತೋರಿಸಿದ ಜಾಗದ ಪಕ್ಕಕ್ಕೆ ಅಂಟಿಸಿಕೊಟ್ಟೆ. ಹೆಬ್ಬಟ್ಟು ಬೊಟ್ಟಿಗೆ ತಾಗಿತು, ಜಾಗ ಸಿಕ್ಕಿತು. ಆ ಸಂಜೆಯೇ ಔಷಧ ಅಂಗಡಿಯವರ ನಗು ನಿಂತಿತು.

ಅಂದಿನಿಂದ ಮೂಡಲಗಿಯಲ್ಲಿ ನನ್ನ ಹೆಸರೇ ಬದಲಾಗಿದೆ. ಗುರುತಿಲ್ಲದ ಹುಡುಗಿಯರೂ ಬಂದು ಕೇಳುತ್ತಾರೆ: "ಮೊಬೈಲಿಗೆ ಮೂಗ ಹಚ್ಚವ್ರ ನೀವ ಏನ್ರಿ?"

ಕಟ್

ಹುಕ್ಕೇರಿಯ ಅರಿವೆ ಅಂಗಡಿಯವರೊಬ್ಬರು ನನ್ನ ಹಳೆಯ ಗಿರಾಕಿ. ಅವರ ಹೆಂಡತಿ ಫೋನಿನಲ್ಲಿ ಗೇಮ್ ಆಡುವುದರಲ್ಲಿ ನಿಸ್ಸೀಮರು. ಇವರು ಅಂಗಡಿಯಿಂದ ಫೋನ್ ಮಾಡಿದರೆ ಅವರು ಕಟ್ ಮಾಡುತ್ತಿದ್ದರು.

"ಯಾಕ ಕಟ್ ಮಾಡ್ದಿ ಅಂದ್ರ, 'ಗೆಲ್ಲೂ ಹೊತ್ತಿಗೆ ನಿಮ್ಮ ಹೆಸರ ಬಂದ ಅಡ್ಡ ನಿಂದರತೈತ್ರೀ' ಅಂತಾಳ್ರಿ ಅಕ್ಕಾರ" ಅಂತ ಇವರ ಗೋಳು.

ಕಡೆಗೆ ಒಂದು ಗೇಮಿನ ಡಬ್ಬಿ ತರಿಸಿಕೊಟ್ಟರು. ಗೇಮ್ ಡಬ್ಬಿಯಲ್ಲಿ ಇರಲಿ, ಫೋನು ಫೋನಾಗಿಯೇ ಇರಲಿ ಎಂಬ ಲೆಕ್ಕ. ಮುಂದೆ ನಾನು ಹೋದಾಗ ಅವರ ಮುಖ ಇನ್ನಷ್ಟು ಇಳಿದಿತ್ತು.

"ಈಗೇನಾತ್ರಿ?"

"ಈಗ ಫೋನ್ ಒಳಗಿನ ಕ್ವಾಣ್ಯಾಗ ಚಾರ್ಜಿಗೆ ಇರತೈತ್ರಿ. ಆಕಿ ಹೊರಗ ಡಬ್ಬಿ ಹಿಡಕೊಂಡ ಕುಂತಿರತಾಳ. ಹೊಡಕೋತೈತಿ, ಹೊಡಕೋತೈತಿ, ಯಾರೂ ಎತ್ತವಲ್ರು. ನಿನ್ನಿ ಎದಿ ಧಸಕ್ ಅಂದ ಅಂಗಡಿ ಬಾಗಲಾ ಹಾಕಿ ಓಡಿ ಹೋಗೇನಿ. ಆರಾಮ ಕುಂತ ಡಬ್ಬ್ಯಾಗಿನ ಹಾವ ಕೊಲ್ಲಾಕತ್ತಾಳ!" ಅವರು ಚಷ್ಮಾ ಒರೆಸಿಕೊಂಡರು. "ಮದ್ಲ ಕಟ್ ಆದ್ರೂ ಮಾಡತಿದ್ಲರಿ. ಜೀವಂತ ಅದಾಳ ಅಂತ ಗೊತ್ತಾಗತಿತ್ತ."

ಉಸರು

ಈಗ ಹೇಳುವುದನ್ನು ನಾನೇ ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ.

ಧುಪದಾಳದ ಆಯಿ ಒಬ್ಬರು ಗೋಕಾಕದಲ್ಲಿ ಮಗನ ಮನೆಯಲ್ಲಿದ್ದಾರೆ. ಹೊಲ, ಎಮ್ಮೆ ಅಂತ ಆಯುಷ್ಯ ಕಳೆದ ಗಟ್ಟಿ ಜೀವ. ಮಗ ಮಿಲಿಟರಿಯಿಂದ ನಿವೃತ್ತನಾಗಿ ಬರುವಾಗ ತನಗಾಗಿ ಒಂದು ಗೇಮಿನ ಡಬ್ಬಿ ತಂದಿದ್ದ. ಅದು ಅವನ ಕೈಯಿಂದ ಅವ್ವನ ಕೈಗೆ ಹೋದದ್ದು ತಿರುಗಿ ಬರಲಿಲ್ಲ. ಆಯಿಗೆ ಅದರೊಳಗಿನ ಗುದ್ದಾಟದ ಗೇಮ್ ಅಂದರೆ ಪ್ರಾಣ. ಇಬ್ಬರು ಪೈಲ್ವಾನರು, ಯಾರು ಬೀಳುತ್ತಾರೋ ಅವರು ಸೋತರು. ಎದುರು ಆಡಲು ಕೂತ ಮಗ ದಿನಾ ಸೋಲುತ್ತಿದ್ದ.

ಒಂದು ದಿನ ಆಯಿ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದರು. ಮಗ ನನ್ನ ಅಂಗಡಿಗೆ ಕರೆತಂದ. ನೋಡಿದರೆ ಎರಡೂ ಕಣ್ಣಿಗೆ ಪೊರೆ ಬಲಿತು ಬೆಳ್ಳಗಾಗಿತ್ತು. ಡಾಕ್ಟರ ಹತ್ತಿರ ಕಳಿಸಿದೆ. ಒಂದು ಕಣ್ಣಿನ ಆಪರೇಶನ್ ಆಯಿತು. ಕೆಲವು ದಿನ ಟಿ.ವಿ., ಫೋನು, ಯಾವ ಪರದೆಯನ್ನೂ ನೋಡಕೂಡದು ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದರು.

ಎರಡು ದಿನಕ್ಕೆ ಮಗ ಓಡಿ ಬಂದ. "ಅಕ್ಕಾರ, ಅವ್ವ ಮಾತ ಕೇಳವಲ್ಲಳ್ರಿ. ಮತ್ತ ಡಬ್ಬಿ ಹಿಡದಾಳ. ಕಣ್ಣ ಹೋದ್ರ ಏನ್ ಗತಿ? ನೀವರೆ ಹೇಳ್ರಿ." ಗಡಿ ಕಾಯ್ದ ಮನುಷ್ಯ, ಚಪ್ಪಲಿ ಕೂಡ ಮೆಟ್ಟಿರಲಿಲ್ಲ. ನನಗೂ ಗಾಬರಿಯಾಗಿ ಅವನ ಹಿಂದೆಯೇ ಹೋದೆ.

ಆಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣಿನ ಪಟ್ಟಿಯ ಮೇಲೆ ಕರಿ ಚಷ್ಮಾ, ಅದರ ಮೇಲೆ ಸೆರಗು ಸುತ್ತಿ ಬಿಗಿದ ಗಂಟು. ಎರಡೂ ಕಿವಿಗೆ ಹೆಡ್‌ಫೋನ್. ತೊಡೆಯ ಮೇಲಿನ ಡಬ್ಬಿಯ ಪರದೆ ಬಾಗಿಲ ಕಡೆ ತಿರುಗಿತ್ತು. ಗುಂಡಿಗಳ ಮೇಲೆ ಬೆರಳು ಕಾಳು ಆರಿಸುವ ಹಾಗೆ ಓಡುತ್ತಿದ್ದವು. ಪರದೆಯಲ್ಲಿ ಎದುರಿನ ಪೈಲ್ವಾನ ಬಿದ್ದ, ಎದ್ದ, ಮತ್ತೆ ಬಿದ್ದ.

"ಆಯಿ! ಡಾಕ್ಟ್ರು ಪರದಿ ನೋಡಬ್ಯಾಡ ಅಂದಾರಲ್ರಿ?"

"ನಾ ಎಲ್ಲಿ ನೋಡಾಕತ್ತೇನಿ? ಕೇಳಾಕತ್ತೇನಿ."

"ಕಾಣದ ಹೆಂಗ ಹೊಡಿತೀರಿ?"

"ಮದ್ಲಾದ್ರೂ ನನಗ ಎಲ್ಲಿ ಕಾಣತಿತ್ತ? ಅಂವ ಎಡಕ್ಕ ಬಂದ್ರ ಎಡಗಿವ್ಯಾಗ ಹೆಜ್ಜಿ ಬರತೈತಿ. ಹೊಡಿಯೂಕಿಂತ ಮದ್ಲ ಒಂದ ಉಸರ ಬಿಡತಾನ. ಅಷ್ಟರಾಗ ನಾ ಕೊಡಬೇಕ. ಎಮ್ಮಿ ಒದಿಯೂ ಮುಂದ ಹಂಗ ಉಸರ ಬಿಡತೈತಿ. ಜೀವನ ಪೂರ್ತಿ ಎಮ್ಮಿ ಹಿಂಡೇನವ್ವಾ, ಇದನ್ನ ಯಾರರೆ ಹೇಳಿ ಕೊಡಬೇಕೇನ?"

ಅಂದರೆ ಇಷ್ಟು ದಿನ ಮಗನನ್ನು ಸೋಲಿಸಿದ್ದೂ ಕಿವಿಯಿಂದಲೇ! ಮಗ ಧಪ್ಪನೆ ಕೂತುಬಿಟ್ಟ. ಆಮೇಲೆ ಏನೋ ಹೊಳೆದು, ಅದೇ ಗೇಮನ್ನು ತನ್ನ ಫೋನಿನಲ್ಲಿ ಹಾಕಿ ಅವ್ವನ ಕೈಗಿಟ್ಟ. ಆಯಿ ಗಾಜಿನ ಮೇಲೆ ಬೆರಳು ಆಡಿಸಿ, "ಇದೇನೋ, ಗ್ವಾಡಿ ಸವರಿದಂಗ ಐತಿ. ಒತ್ತಿದ್ದಕ್ಕ ತಿರುಗಿ ಮಾತಾಡವಲ್ದ" ಅಂತ ಆಚೆ ಸರಿಸಿದರು.

ಮರುದಿನ ಪಟ್ಟಿ ನೋಡಿಸುವುದಿತ್ತು. ಡಾಕ್ಟರು ನನಗೆ ಪರಿಚಯದವರು ಅಂತ ನಾನೂ ಹೋದೆ. ಮಗ ಎಲ್ಲ ಚಾಡಿ ಹೇಳಿದ. ಡಾಕ್ಟರ ಮುಖ ಬಿಗಿಯಾಯಿತು. ಉಸಿರು ಬಿಡದೆ ದೀಪ ಹಿಡಿದು ಕಣ್ಣು ಪರೀಕ್ಷಿಸಿದರು. ನಾವಿಬ್ಬರೂ ಗೋಡೆಗೆ ಅಂಟಿ ನಿಂತೆವು. ಕಡೆಗೆ ಅವರು ದೀಪ ಕೆಳಗಿಟ್ಟು, "ಕಣ್ಣ ಚೊಲೋ ಆಗೈತಿ. ಖರೇನ ಪರದಿ ನೋಡಿಲ್ಲೇನ್ರಿ?" ಅಂದರು.

"ನಿಮ್ಮಾಣಿ ನೋಡಿಲ್ಲ."

"ಕಣ್ಣ ಮುಚ್ಚಿ ಆಡಾಕ ಸಾಧ್ಯನ ಇಲ್ಲ ಬಿಡ್ರಿ. ನಾ ಕಾಲೇಜಿನ್ಯಾಗ ಭಾಳ ಆಡೇನಿ."

ಆಯಿ ಚೀಲದಿಂದ ಡಬ್ಬಿ ತೆಗೆದರು. ಅದರ ಗುಂಡಿಯ ಭಾಗ ಎರಡೂ ಕಡೆ ಬಿಚ್ಚಿ ಬರುತ್ತದೆ, ಇಬ್ಬರು ಎದುರಾಗಿ ಆಡಬಹುದು. ಒಂದನ್ನು ಡಾಕ್ಟರ ಕೈಗೆ ಕೊಟ್ಟರು. ಆಪರೇಶನ್ ಆದ ಕಣ್ಣಿಗೆ ಮತ್ತೆ ಪಟ್ಟಿ, ಎರಡೂ ಕಣ್ಣಿನ ಮೇಲೆ ಸೆರಗು, ಕಿವಿಗೆ ಹೆಡ್‌ಫೋನ್. ನರ್ಸ್ ಬಾಗಿಲಲ್ಲಿ ನಿಂತಳು. ಹೊರಗೆ ಬೆಂಚಿನ ಮೇಲಿದ್ದ ಪೇಶೆಂಟರು, ಒಂದು ಕಣ್ಣಿಗೆ ಪಟ್ಟಿ ಇದ್ದವರೂ ಇನ್ನೊಂದು ಕಣ್ಣಿಂದ ಇಣುಕಿದರು.

ಮೊದಲ ಆಟ ಡಾಕ್ಟರು ಮರ್ಯಾದೆಗೆ ಬಿಟ್ಟುಕೊಟ್ಟರು ಅಂತ ಎಲ್ಲರೂ ತಿಳಿದೆವು. ಎರಡನೆಯದರಲ್ಲಿ ಅವರು ಕುರ್ಚಿಯ ತುದಿಗೆ ಬಂದರು. ಮೂರನೆಯದರಲ್ಲಿ ಬಿಳಿ ಕೋಟು ಬಿಚ್ಚಿದರು. ಡಾಕ್ಟರ ಪೈಲ್ವಾನ ಉಸಿರು ಬಿಟ್ಟ, ಆಯಿಯ ಪೈಲ್ವಾನ ಕೊಟ್ಟ. ಮತ್ತೆ ಉಸಿರು, ಮತ್ತೆ ಪೆಟ್ಟು. ಆಸ್ಪತ್ರೆಯಲ್ಲಿ ಸಪ್ಪಳವೇ ಇಲ್ಲ.

ಮೂರನ್ನೂ ಸೋತ ಡಾಕ್ಟರು ಗುಂಡಿ ಕೆಳಗಿಟ್ಟು ಎರಡೂ ಕೈ ಜೋಡಿಸಿದರು. ಆಯಿಗೆ ಅದು ಕಾಣಲಿಲ್ಲ. ಅವರು ಕೈ ಚಾಚಿ, ತಡಕಾಡಿ, ಡಾಕ್ಟರ ಭುಜ ಹುಡುಕಿ ಮೆಲ್ಲಗೆ ತಟ್ಟಿದರು. ದನಿಯಲ್ಲಿ ತಾಯಿಯ ಕನಿಕರವಿತ್ತು.

"ಇರ್ಲಿ ಬಿಡೋ ಮಗಾ, ಅಂಜಬ್ಯಾಡ. ವಯಸ್ಸ ಐತಿ, ಈಗ ತೋರಿಸಿದ್ರ ನೆಟ್ಟಗ ಆಗತೈತಿ. ಇಲ್ಲೇ ಊರಾಗ ಒಬ್ಬಾಕಿ ಚಷ್ಮಾದಾಕಿ ಅದಾಳ, ನನ್ನ ಹೆಸರ ಹೇಳ. ನಿನ್ನ ಕಣ್ಣ ನೋಡಿ, ಚೊಲೋ ನಂಬರಿಂದ ಒಂದ ಹಾಕಿಕೊಡತಾಳ."