ಬಂದೆಪ್ಪನ ವಾರ್ಡಿಗೆ ತಪಾಸಣೆ

ಬೆಳಗ್ಗೆ ಏಳು ಗಂಟೆಗೆ ಟೀಚರಜ್ಜಿಯ ತಲೆ ಬಾಚುತ್ತ ಬಂದೆಪ್ಪ ಒಂದು ನಿಟ್ಟುಸಿರು ಬಿಟ್ಟ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅದರ ಬಾಲಕ್ಕೆ ಎರಡು ಮಾತನ್ನೂ ಕಟ್ಟಿದ.

"ಇವತ್ತು ಕೇಂದ್ರ ಕಚೇರಿಯಿಂದ ತಪಾಸಣೆ ಮೇಡಂ ಬರ್ತಾರಂತೆ ಅಜ್ಜಿ. ನನ್ನ ಹಣೇಬರಹ ಇವತ್ತು ತೀರ್ಮಾನ ಆಗಿಬಿಡುತ್ತೆ."

ಅವನು ಹೇಳಿದ್ದು ಆಸೆಯಿಂದ. ಅಜ್ಜಿಗೆ ಕೇಳಿಸಿದ್ದು ಗೋಳಾಟದ ಹಾಗೆ.

ಬಂದೆಪ್ಪ ಎನ್ನುವುದು ಅವನ ಹೆಸರಲ್ಲ. ಆ ವೃದ್ಧರ ಆರೈಕೆ ಮನೆಯ ಎರಡನೇ ಮಹಡಿಯಲ್ಲಿ ಹನ್ನೆರಡು ಹಾಸಿಗೆ, ಹನ್ನೆರಡು ಕರೆಗಂಟೆ, ನೋಡಿಕೊಳ್ಳಲು ಅವನೊಬ್ಬನೇ. ಯಾರು ಗಂಟೆ ಒತ್ತಿದರೂ "ಬಂದೆ, ಬಂದೆ" ಎಂದು ಓಡಿ ಓಡಿ ಅದೇ ಹೆಸರಾಗಿ ಅಂಟಿಕೊಂಡಿತ್ತು. ನಿಜವಾದ ಹೆಸರು ಹಾಜರಿ ಪುಸ್ತಕದೊಳಗೆ ಅನಾಥವಾಗಿ ಬಿದ್ದಿತ್ತು. ಕೂತು ಊಟ ಮಾಡಿ ಮೂರು ವರ್ಷವಾಗಿತ್ತು. "ಇನ್ನೊಬ್ಬರನ್ನು ಕೊಡಿ" ಎಂದು ಅವನು ಬರೆದ ಅರ್ಜಿಗಳೆಲ್ಲ ಕೇಂದ್ರ ಕಚೇರಿಯಲ್ಲಿ ಅವನಿಗಿಂತ ಹೆಚ್ಚು ವಿಶ್ರಾಂತಿ ಪಡೆಯುತ್ತಿದ್ದವು.

ಹಿಂದಿನ ದಿನ ಮೇಲ್ವಿಚಾರಕಿ ಅವನ ಕಿವಿಯಲ್ಲಿ ಹೇಳಿದ್ದಳು: "ನಾಳೆ ಏನೂ ನಾಟಕ ಮಾಡ್ಬೇಡ. ಗಂಟೆ ಹೊಡೆದು ಹತ್ತು ನಿಮಿಷಕ್ಕೆ ಹೋಗ್ತೀಯಲ್ಲ, ಹಾಗೇ ಹೋಗು. ಆಯಮ್ಮ ಕಣ್ಣಾರೆ ನೋಡಿ, ಇಲ್ಲಿಗೆ ಇನ್ನೊಬ್ರು ಬೇಕು ಅಂತ ಅವರೇ ಬರೀತಾರೆ."

ಇದೊಂದೂ ಟೀಚರಜ್ಜಿಗೆ ಗೊತ್ತಿರಲಿಲ್ಲ. ಆಕೆ ಮೂವತ್ತಾರು ವರ್ಷ ಮಕ್ಕಳನ್ನು ತಪಾಸಣಾಧಿಕಾರಿಗಳ ಮುಂದೆ ನಿಲ್ಲಿಸಿ ಒಂದು ಸಲವೂ ಸೋಲದವಳು. ಬಂದೆಪ್ಪ ಬಾಚಣಿಗೆ ಇಟ್ಟು ಅತ್ತ ಹೋದದ್ದೇ ತಡ, ಪಕ್ಕದ ಹಾಸಿಗೆಯ ಗಾರ್ಡ್ ತಾತನಿಗೆ ಪಿಸುಗುಟ್ಟಿದಳು: "ನಮ್ಮ ಹುಡುಗನ ಕೆಲಸಕ್ಕೆ ಕುತ್ತು ಬಂದಿದೆ." ಮಾತು ಆರನೇ ಹಾಸಿಗೆ ತಲುಪುವಾಗ ಕೆಲಸ ಹೋಗಿತ್ತು. ಹನ್ನೆರಡನೇ ಹಾಸಿಗೆ ಮುಟ್ಟುವಾಗ ಬಂದೆಪ್ಪ ಜೈಲಿನಲ್ಲಿದ್ದ.

"ಅಳೋದು ಆಮೇಲೆ," ಎಂದಳು ಟೀಚರಜ್ಜಿ. "ಈಗ ಎಲ್ರೂ ಎದ್ದು ಅವರವರ ಹಾಸಿಗೆ ಅವರೇ ಸರಿಮಾಡಿ. ಮೂಲೆ ಮಡಿಸೋದು ಹೀಗಲ್ಲ, ಹೀಗೆ!"

ಹತ್ತು ಗಂಟೆಗೆ ಸರಿಯಾಗಿ ತಪಾಸಣೆ ಮೇಡಂ ಬಂದಳು. ಕೊರಳಲ್ಲಿ ಸೆಕೆಂಡು ಎಣಿಸುವ ಗಡಿಯಾರ, ಕೈಯಲ್ಲಿ ದಿಂಬಿನಷ್ಟು ದಪ್ಪದ ನಮೂನೆ. ನಗುವಿಗೂ ಒಂದು ಕಾಲಂ ಇದ್ದು, ಅದು ಇನ್ನೂ ಭರ್ತಿಯಾಗಿಲ್ಲ ಎನ್ನುವಂಥ ಮುಖ. ಹನ್ನೆರಡು ಹಾಸಿಗೆಗಳೂ ಇಸ್ತ್ರಿ ಹೊಡೆದಂತೆ ಮಲಗಿದ್ದನ್ನು ನೋಡಿದಳು.

"ಇದೆಲ್ಲ ಒಬ್ಬರೇ ಮಾಡಿದ್ದಾ?"

"ಇಲ್ಲ ಮೇಡಂ, ನಾನಿನ್ನೂ ಶುರುನೇ..." ಎಂದು ಬಂದೆಪ್ಪ ಬಾಯಿ ತೆರೆದ.

"ವಿನಯ ಮೇಡಂ, ವಿನಯ!" ಟೀಚರಜ್ಜಿ ನಡುವೆ ನುಗ್ಗಿದಳು. "ಬಲಗೈಲಿ ಮಾಡಿದ್ದು ಎಡಗೈಗೆ ಗೊತ್ತಾಗಲ್ಲ ಇವನಿಗೆ."

ಮೇಡಂ ಬರೆದುಕೊಂಡಳು. ಮುಂದಿನದು ಕರೆಗಂಟೆಯ ಪರೀಕ್ಷೆ. ಬಂದೆಪ್ಪನನ್ನು ಪಡಸಾಲೆಯ ಆ ತುದಿಯ ಸ್ನಾನದ ಮನೆಗೆ ಕಳಿಸಿ, ಈ ತುದಿಯ ಕೋಣೆಯಲ್ಲಿ ನಿಂತು ಗುಂಡಿ ಒತ್ತಿದಳು. ಬಂದೆಪ್ಪ ಒಳ್ಳೆಯ ವಿದ್ಯಾರ್ಥಿಯಂತೆ ಎಂದಿನ ನಡಿಗೆಯಲ್ಲೇ ಹೊರಟ. ಬಾಗಿಲಾಚೆ ಒಗೆದ ಬಟ್ಟೆಯ ಗಾಲಿಗಾಡಿ ಹಿಡಿದು ಗಾರ್ಡ್ ತಾತ ಕಾದಿದ್ದ. ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತನಾಗಿ ಹದಿನೆಂಟು ವರ್ಷವಾಗಿದ್ದರೂ ಮೈಯಲ್ಲಿ ಇನ್ನೂ ವೇಳಾಪಟ್ಟಿ ಓಡುತ್ತಿತ್ತು.

"ಗಾಡಿ ಹತ್ತು!"

"ತಾತಾ, ಬೇಡಿ. ನಾನು ನಿಧಾನ ಹೋಗ್ಬೇಕು..."

"ನನ್ನ ಕೈಲಿ ಯಾವ ಗಾಡೀನೂ ನಿಧಾನ ಹೋಗಿಲ್ಲ!"

ತಾತ ಗಾಡಿಯನ್ನು ಅವನ ಮೊಣಕಾಲಿಗೆ ಡಿಕ್ಕಿ ಹೊಡೆಸಿದ. ಬಂದೆಪ್ಪ ಟವೆಲುಗಳ ಮೇಲೆ ಧೊಪ್ಪನೆ ಕೂತ. ಒಂದೇ ತಳ್ಳು. ಆಗತಾನೆ ಒರೆಸಿದ ನೆಲ, ಮೇಲಾಗಿ ಮೇಡಂ ಇದ್ದ ಕೋಣೆಯ ಕಡೆಗೇ ಇಳಿಜಾರು. ಗಾಡಿ ಬಿಲ್ಲಿನಿಂದ ಬಿಟ್ಟ ಬಾಣವಾಯಿತು. ಬಾಗಿಲುಗಳು, ಕಿಟಕಿಗಳು, ಚಪ್ಪಾಳೆ ತಟ್ಟುವ ಬೊಚ್ಚುಬಾಯಿಗಳು ಎರಡೂ ಪಕ್ಕ ಹಿಂದಕ್ಕೆ ಹಾರಿದವು. ಕೋಣೆಯ ಹೊಸ್ತಿಲಿಗೆ ಗಾಡಿ ತಡೆದು ನಿಂತಿತು, ಬಂದೆಪ್ಪ ನಿಲ್ಲಲಿಲ್ಲ. "ಬಂದೇ...!" ಎನ್ನುತ್ತ ಮೇಡಂನ ಬೆನ್ನ ಹಿಂದೆ ಬಂದು ಬಿದ್ದು ಎದ್ದು ನಿಂತ.

ಗಡಿಯಾರ ನೋಡುತ್ತಿದ್ದ ಮೇಡಂ ತಿರುಗಿದಳು. "ಹದಿನಾಲ್ಕು ಸೆಕೆಂಡು! ನಿಯಮದಲ್ಲಿರೋದು ಐದು ನಿಮಿಷ!" ಆ ಹೊತ್ತಿಗೆ ಗಾಡಿಯನ್ನು ಟೀಚರಜ್ಜಿ ಬಾಗಿಲ ಹಿಂದಕ್ಕೆ ಎಳೆದುಕೊಂಡಾಗಿತ್ತು.

ನಂತರ ನಿವಾಸಿಗಳ ಸಂದರ್ಶನ. ಟೀಚರಜ್ಜಿ ಉತ್ತರಗಳನ್ನೆಲ್ಲ ಅವರವರ ಅಂಗೈಯಲ್ಲಿ ಬರೆಸಿದ್ದಳು. ಎಂಟನೇ ಹಾಸಿಗೆಯ ತಾತನಿಗೆ ಮೇಡಂ, "ರಾತ್ರಿ ನಿದ್ದೆ ಹೇಗೆ ಬರುತ್ತೆ?" ಎಂದು ಕೇಳಿದಳು. ತಾತ ಅಂಗೈ ನೋಡಿಕೊಂಡು ಗಟ್ಟಿಯಾಗಿ, "ದಿನಕ್ಕೆ ಮೂರು ಸಲ, ಬಿಸಿಬಿಸಿಯಾಗಿ!" ಎಂದ.

"ಸ್ನಾನ?"

"ಉಪ್ಪು ಒಂಚೂರು ಕಮ್ಮಿ, ಆದ್ರೆ ರುಚಿ ಚೆನ್ನಾಗಿದೆ."

ಮೇಡಂ ತುಟಿ ಕಚ್ಚಿಕೊಂಡಳು. ಬಂದೆಪ್ಪನಿಗೆ ಹೋದ ಜೀವ ಬಂದಂತಾಯಿತು. ಇನ್ನಾದರೂ ಅನುಮಾನ ಬಂದೀತು ಎಂದುಕೊಂಡ. ಆಕೆ ತಾತನ ಬೆನ್ನು ಸವರಿ, "ಪಾಪ, ಮರೆವಿನ ಕಾಯಿಲೆ ಇರೋರೂ ಎಷ್ಟು ಗೆಲುವಾಗಿದ್ದಾರೆ!" ಎಂದು ಬರೆದುಕೊಂಡಳು. ಆರು ತಿಂಗಳಿಂದ ಸೂಪು ಕಂಡರೆ ಗೋಡೆಗೆ ತಿರುಗುತ್ತಿದ್ದವರೆಲ್ಲ ಮಧ್ಯಾಹ್ನ ಬಟ್ಟಲನ್ನು ನೆಕ್ಕಿಟ್ಟರು.

ಸಂಜೆ ನಾಲ್ಕಕ್ಕೆ ಮೇಡಂ ಎಲ್ಲರನ್ನೂ ಹಜಾರದಲ್ಲಿ ಸೇರಿಸಿ ನಮೂನೆ ಮುಚ್ಚಿದಳು. ಬಂದೆಪ್ಪ ಗೋಡೆಗೊರಗಿದ್ದ. ಆಸೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

"ಇಪ್ಪತ್ತು ವರ್ಷದಲ್ಲಿ ಇಂಥ ಆರೈಕೆ ನೋಡಿಲ್ಲ," ಎಂದಳು ಮೇಡಂ. "ಆದ್ರೆ ಎಲ್ಲರ ಕೈಲೂ ಇದು ಆಗೋ ಕೆಲಸ ಅಲ್ಲ. ಈ ವಾರ್ಡಿಗೆ ಇಬ್ಬರು ಬೇಕೇ ಬೇಕು ಅಂತ ಬರೆದಿದ್ದೀನಿ. ಫೋನ್ ಕೂಡ ಮಾಡಿಯಾಯ್ತು. ಇಬ್ಬರೂ ನಾಳೇನೇ ಬರ್ತಾರೆ."

ಬಂದೆಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ಇಬ್ರಾ ಮೇಡಂ! ನಾನೂ ಸೇರಿ ಮೂವರಾ?"

"ನೀವ್ಯಾಕೆ ಸೇರ್ತೀರಿ? ಇಂಥ ಕಾಲಿರೋರನ್ನ ಹನ್ನೆರಡು ಹಾಸಿಗೆಗೆ ಕಟ್ಟಿಹಾಕೋದು ಅನ್ಯಾಯ. ಊರಾಚೆ ನಮ್ದೇ ಇನ್ನೊಂದು ಮನೆ ಇದೆ, ನಲವತ್ತು ಹಾಸಿಗೆ. ಇದ್ದೋರೆಲ್ಲ ಕೆಲಸ ಬಿಟ್ಟು ಓಡಿಹೋದ್ರು. ನಾಳೆಯಿಂದ ಅದು ನಿಮ್ಮ ಜವಾಬ್ದಾರಿ."

ಮೊದಲು ಎದ್ದವಳು ಟೀಚರಜ್ಜಿ.

"ಮೇಡಂ, ಇವನು ಶುದ್ಧ ಸೋಮಾರಿ! ಹಾಸಿಗೆ ಮಾಡಿದ್ದು ನಾವು!"

"ಗಾಡೀಲಿ ತಳ್ಳಿದ್ದು ನಾನು!" ಎಂದ ಗಾರ್ಡ್ ತಾತ. "ನಡೆದು ಬಂದಿದ್ರೆ ಇನ್ನೂ ಬರ್ತಾನೇ ಇದ್ದ!"

"ಸೂಪು ಕಂಡ್ರೆ ವಾಂತಿ ಬರುತ್ತೆ!" ಎಂಟನೇ ಹಾಸಿಗೆಯ ತಾತ ಅಂಗೈ ನೋಡದೆಯೇ ಕೂಗಿದ.

"ನಿಜ ಮೇಡಂ, ಎಲ್ಲಾ ನಿಜ! ಇವರು ಹೇಳ್ತಿರೋದು ಅಕ್ಷರಶಃ ನಿಜ!" ಬಂದೆಪ್ಪ ಕೈಮುಗಿದ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ನೋಡಿ, ಇವರನ್ನ ಬಿಟ್ಟುಕೊಡಬಾರ್ದು ಅಂತ ಈ ವಯಸ್ಸಲ್ಲೂ ಎಂಥೆಂಥ ಸುಳ್ಳು ಹೇಳ್ತಿದ್ದೀರಿ!" ಎಂದು ನಮೂನೆ ಮತ್ತೆ ಬಿಚ್ಚಿ, 'ನಿವಾಸಿಗಳ ಪ್ರೀತಿ' ಎಂಬಲ್ಲಿ ಹತ್ತಕ್ಕೆ ಹತ್ತು ಹಾಕಿದಳು. ಆಮೇಲೆ ಬಂದೆಪ್ಪನ ಕಡೆ ತಿರುಗಿ, "ಹೊಸ ಜಾಗದ ಬಗ್ಗೆ ಏನಾದ್ರೂ ಕೇಳೋದಿದ್ಯಾ?" ಎಂದಳು.

ಬಂದೆಪ್ಪ ಮೆಲ್ಲಗೆ ಕೇಳಿದ: "ಅಲ್ಲಿ ಲಿಫ್ಟ್ ಇದೆಯಾ ಮೇಡಂ?"

"ಇಲ್ಲ. ನಾಲ್ಕು ಮಹಡಿ," ಎಂದಳು ಆಕೆ, ಮೊದಲ ಸಲ ಬಾಯ್ತುಂಬ ನಗುತ್ತ. "ಅದಕ್ಕೇ ತಾನೇ ನಾನು ವರ್ಷದಿಂದ ನಿಮ್ಮಂಥೋರನ್ನ ಹುಡುಕ್ತಾ ಇದ್ದದ್ದು!"