ಗಟ್ಟಿಮುಟ್ಟಾದ ಲಿನಕ್ಸ್ ಫೋನು

ರಾಯಚೂರಿನಲ್ಲಿ ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಆದ್ದರಿಂದ ಯಂತ್ರಗಳೆಲ್ಲ ನನ್ನ ಮಾತು ಕೇಳುತ್ತವೆ ಎಂದು ನಂಬಿದ್ದೆ. ಮನೆಯ ಲ್ಯಾಪ್‌ಟಾಪಿನಲ್ಲಿ ನಾನು ಬಳಸುವುದು ಲಿನಕ್ಸ್. ಕಂಪ್ಯೂಟರ್ ನಡೆಸುವ ತಂತ್ರಾಂಶ ಅದು. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ಬಿಚ್ಚುವುದು ನನಗೆ ಬರುತ್ತದೆ.

ಹಳೆಯ ಫೋನು ಬಸ್ಸಿನ ಕಿಟಕಿಯಿಂದ ಬಿದ್ದು ಪುಡಿಯಾದಾಗ ಹೆಂಡತಿ ಸುಜಾತಾಳ ಮುಂದೆ ಘೋಷಿಸಿದೆ: ಹೊಸ ಫೋನು ಬಿದ್ದರೆ ಒಡೆಯಬಾರದು, ಲಿನಕ್ಸ್ ಜೊತೆ ಹೊಂದಿಕೊಂಡು ಹೋಗಬೇಕು.

"ಸೊಸಿ ಹುಡುಕಿದಂಗ ಹುಡುಕಾಕತ್ತೀರಲ್ರಿ," ಅಂದಳು ಅವಳು.

ಮೊಬೈಲ್ ಅಂಗಡಿಯ ಖಾಜಾಸಾಬ್ ಇಟ್ಟಿಗೆಯಂಥ ಒಂದು ಫೋನು ಮುಂದಿಟ್ಟ. "ಇದು ಬಿದ್ರ ನೆಲಾ ಒಡಿತದ ಸಾಬ್."

"ಇದರಾಗ ಲಿನಕ್ಸ್ ನಡಿತದೇನು?"

"ಎಲ್ಲಾ ಕಂಪನಿ ಸಿಮ್ಮೂ ನಡಿತಾವ್ರೀ."

ಲಿನಕ್ಸ್ ಎಂದರೆ ಸಿಮ್ಮಲ್ಲ ಎಂದು ಬಿಡಿಸಿ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು ಒಂದು ಚಾರ್ಜರ್ ತೋರಿಸಿದ.

ಮನೆಗೆ ತಂದು ವಿಧಿವತ್ತಾಗಿ ಪರೀಕ್ಷೆ ಮಾಡಿದೆ. ಬಚ್ಚಲಲ್ಲಿ ನಿಂತು ಎತ್ತರದಿಂದ ಕೈಬಿಟ್ಟೆ. ಫೋನಿಗೆ ಒಂದು ಗೀರೂ ಆಗಲಿಲ್ಲ. ಕೆಳಗಿನ ಕಲ್ಲು ಸೀಳಿಹೋಯಿತು. ಸುಜಾತಾ ಕಲ್ಲನ್ನೂ ನೋಡಿದಳು, ನನ್ನನ್ನೂ ನೋಡಿದಳು. ಮರುದಿನ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸನ್ನೇ ಕೂರಿಸಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿದವು. ಏನು ಓಡಿತೋ ಗೊತ್ತಿಲ್ಲ. ನೋಡಲು ಬಹಳ ಚೆಂದವಿತ್ತು.

ಆ ಭಾನುವಾರವೇ ನನ್ನ ಹೆಂಡತಿಯ ತಮ್ಮ ಗೌತಮನ ನಿಶ್ಚಿತಾರ್ಥ, ಗಬ್ಬೂರಿನ ಅವರ ಮನೆಯಲ್ಲಿ. ಹೆಣ್ಣಿನವರು ಮಾನ್ವಿಯಿಂದ ಜೀಪಿನಲ್ಲಿ ಬರಬೇಕಿತ್ತು. ಅವರಿಗೆ ದಾರಿ ಹೇಳಿ ಮನೆಗೆ ಕರೆತರುವ ಕೆಲಸ ನನ್ನದು. ಹೊಸ ಫೋನು ಹಿಡಿದು ಗಬ್ಬೂರು ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದೆ ನಿಂತೆ.

ಫೋನು ಬಂತು. ಹುಡುಗಿಯ ಸೋದರಮಾವ ಹನುಮಂತಪ್ಪ. ರಿಟೈರಾದ ಕಂಡಕ್ಟರು, ದನಿ ದೊಡ್ಡದು. "ಸರ್ರ, ಊರು ಬಂತು. ಯಾ ಕಡಿ ತಿರುಗ್ಬೇಕ್ರಿ?"

"ಎಡಕ್ಕೆ ತಿರುಗ್ರಿ, ಇಲ್ಲೇ ನಿಂತೀನಿ."

"ಹಲೋ? ಯಾ ಕಡಿ ಅಂತೀನಿ?"

"ಎಡಕ್ಕ್ರೀ!"

ನಾನು ಕೈಬೀಸುವಷ್ಟರಲ್ಲಿ ಕಣ್ಣೆದುರೇ ಒಂದು ಜೀಪು ದೇವದುರ್ಗದ ಕಡೆ ನೇರ ಹೋಯಿತು. ಮತ್ತೆ ಫೋನು ಬಂತು. ಮತ್ತೆ ಹೇಳಿದೆ. ಅವರ ಫೋನು ಕೆಟ್ಟಿದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನನ್ನದು ಕೆಡಲು ಸಾಧ್ಯವೇ?

ಕಡೆಗೆ ಹನುಮಂತಪ್ಪನವರ ತಾಳ್ಮೆ ತಪ್ಪಿತು. "ಏನ್ರೀ, ದೇವದುರ್ಗಕ್ಕ ಬಂದು ನಿಂತೀವಿ. ಫೋನ್ ಎತ್ತಿ ಗಪ್‌ಚಿಪ್ ಇರ್ತೀರಲ್ಲ, ಸಂಬಂಧ ಬ್ಯಾಡಾಗ್ಯಾದೇನು? ಹಂಗಂದ್ರ ಬಾಯಿಬಿಟ್ಟು ಹೇಳ್ರಿ, ಜೀಪ್ ಮಾನ್ವಿಗೆ ತಿರುಗಿಸ್ತೀವಿ." ಆಮೇಲೆ ನನ್ನ ಓದು, ನನ್ನ ನೌಕರಿ, ನನ್ನ ಸಂಸ್ಕಾರ ಒಂದೊಂದನ್ನೂ ಹೆಸರು ಹಿಡಿದು ಬೈದರು.

ನನಗೂ ಸಿಟ್ಟು ಬಂತು. "ಮೊದಲು ಆ ಡಬ್ಬಾ ಫೋನ್ ಕೆರಿಗೆ ಒಗೀರಿ. ಹೊತ್ತುಗೊತ್ತು ಇಲ್ದೆ ಒದರಾಕತ್ತೀರಿ, ತಲ್ಯಾಗ ತೌಡು ತುಂಬ್ಯಾದೇನು?" ಎಂದು ಶುರುಮಾಡಿ, ಬೀಗರ ಮುಂದೆ ಆಡಬಾರದ್ದನ್ನೆಲ್ಲ ಆಡಿದೆ.

ಚಹಾದಂಗಡಿಯವನು ಕಪ್‌ಬಸಿ ಒರೆಸುತ್ತ ಹೇಳಿದ, "ಸರ್ರ, ಫೋನ್ ಕೆಳಗಿಟ್ಟು ಒದರ್ರಿ. ದೇವದುರ್ಗಕ್ಕ ಹಂಗೇ ಕೇಳಸ್ತದ."

ಅಷ್ಟರಲ್ಲಿ ಸುಜಾತಾ ಹುಡುಕಿಕೊಂಡು ಬಂದಳು. ಕಥೆ ಕೇಳಿ, ತನ್ನ ಫೋನಿನಿಂದ ನನಗೆ ಕರೆ ಮಾಡಿ ಮುಂದೆಯೇ ನಿಂತಳು. "ಈಗ ಮಾತಾಡ್ರಿ."

"ಹಲೋ, ಹಲೋ," ಅಂದೆ.

"ನಿಮ್ಮ ಬಾಯಿಂದ ಕೇಳಾಕತ್ಯದ. ಫೋನಿನಾಗ ಕೇಳವಲ್ದು."

ಲಿನಕ್ಸ್ ಕೂರಿಸಿದ ಮೇಲೆ ಫೋನಿನಲ್ಲಿ ಎಲ್ಲವನ್ನೂ ಪರೀಕ್ಷಿಸಿದ್ದೆ. ಯಾರಿಗೂ ಫೋನು ಮಾತ್ರ ಮಾಡಿರಲಿಲ್ಲ. ನನ್ನ ದನಿ ಹಿಡಿಯಬೇಕಾದ ಮೈಕು ಕೆಲಸವೇ ಮಾಡುತ್ತಿರಲಿಲ್ಲ. ಸುಜಾತಾ ನನ್ನ ಫೋನಿನಲ್ಲಿ ನಂಬರ್ ನೋಡಿಕೊಂಡು ತಾನೇ ಹನುಮಂತಪ್ಪನವರಿಗೆ ಫೋನು ಮಾಡಿ, ಮೈಕಿನ ಸುದ್ದಿ ಎತ್ತದೆ, ಕಾಲಿಗೆ ಬಿದ್ದಂತೆ ಮಾತಾಡಿ ದಾರಿ ಹೇಳಿದಳು. ಸ್ವಲ್ಪ ಹೊತ್ತಿಗೆ ಜೀಪು ಮನೆಗೆ ಬಂತು. ಗೌತಮ ಬೆವರು ಒರೆಸಿಕೊಂಡ. ನಾನು ಅಡುಗೆಯವರ ಹಿಂದೆ ನಿಂತು, ಯಾರೂ ಹೇಳದಿದ್ದರೂ ಹುಗ್ಗಿ ತಿರುವತೊಡಗಿದೆ.

ಹನುಮಂತಪ್ಪ ಅಲ್ಲಿಗೇ ಬಂದರು. ನನ್ನ ಎರಡೂ ಕೈ ಹಿಡಿದರು. ಸೌಟು ಹುಗ್ಗಿಯೊಳಗೆ ಜಾರಿತು.

"ಸರ್ರ, ತಪ್ಪಾತು. ಬಾಯಿಗೆ ಬಂದಂಗ ಬೈದೆ. ನೀವು ತಿರುಗಿ ಒಂದು ಮಾತರೆ ಆಡಲಿಲ್ಲ," ಎಂದು ಎಲ್ಲರ ಕಡೆ ತಿರುಗಿದರು. "ಇಂಥಾ ಸಮಾಧಾನದ ಮನಶ್ಯಾ ಇರೋ ಮನ್ಯಾಗ ನಮ್ಮ ಹುಡುಗಿ ಸುಖದಿಂದ ಇರ್ತಾಳ."

ನಾನು ವಿನಯದಿಂದ ತಲೆ ತಗ್ಗಿಸಿದೆ. ಸುಜಾತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಊರಿಗೆ ಮರಳುವಾಗ ಬಸ್ಸಿನಲ್ಲಿ, ಮೈಕು ಸರಿಮಾಡುವ ಉಪಾಯ ಹೊಳೆದಿದೆ ಎಂದು ಅವಳಿಗೆ ಹೇಳಿದೆ.

"ಮುಟ್ಟಬ್ಯಾಡ್ರಿ," ಅಂದಳು. "ಮದುವಿ ಮುಗಿಯೋತನಕ ಹಂಗೇ ಇರ್ಲಿ."

ಮದುವೆಯೂ ಮುಗಿಯಿತು. ರಿಪೇರಿಗೆ ಇನ್ನೂ ಅಪ್ಪಣೆ ಸಿಕ್ಕಿಲ್ಲ.