ಭಾವನ ಹುಲ್ಲೂ ಗಣಪನ ಹಬ್ಬವೂ

ಬೆಳಗ್ಗೆ ಕಾಯಿ ತುರಿದೆ, ಕಡುಬಿಗೆ ಹೂರಣ ಮಾಡಿದೆ, ಅಮ್ಮನ ತಲೆ ಬಾಚಿದೆ, ಬಂದವರ ಮಕ್ಕಳನ್ನು ಹುಲ್ಲಿನಿಂದ ಆಚೆ ಅಟ್ಟಿದೆ. ಈ ಕೊನೆಯ ಕೆಲಸ ಭಾವನ ಆಜ್ಞೆ. ಅವರ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ: ಹುಲ್ಲು ತುಳಿದವರು, ಇನ್ನು ಮುಂದೆ ತುಳಿಯಲಿರುವವರು!

ಈ ಪರದೇಶದಲ್ಲಿ ಗಣೇಶನ ಹಬ್ಬಕ್ಕೆ ನಾವು ಡೌನರ್ಸ್ ಗ್ರೋವ್‌ನಿಂದ ಕ್ಯಾಂಟನ್‌ನ ಅಕ್ಕನ ಮನೆಗೆ ಹೋಗುವುದು ರೂಢಿ. ಚಳಿನಾಡಿನ ಈ ಹುಲ್ಲಿಗೆ ಬೀಜ ಹಾಕಲು ಬೇಸಿಗೆ ಇಳಿಯುವ ಹೊತ್ತೇ ಸರಿಯಂತೆ. ಗಣಪನೂ ಆಗಲೇ ಬರಬೇಕೆ? ಭಾವನಿಗೆ ಪಂಚಾಂಗದ ಮೇಲೇ ಸಿಟ್ಟು. ಅವರ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಥರ್ಮಾಮೀಟರ್ ಸಿಗುವುದಿಲ್ಲ. ಮಣ್ಣಿನ ಶಾಖ ಅಳೆಯುವುದು ಮಾತ್ರ ಸದಾ ಜೇಬಿನಲ್ಲಿ. ಹುಲ್ಲನ್ನು ತೀರಾ ಗಿಡ್ಡ ಕತ್ತರಿಸಿದರೆಂದು ಪಕ್ಕದ ಮನೆಯವರೊಡನೆ ಮಾತು ಬಿಟ್ಟಿದ್ದಾರೆ.

ಪೂಜೆಗೆ ಕೂತಾಗ ಅಮ್ಮ ಕೇಳಿದಳು, "ಇಷ್ಟೊಂದು ಹುಲ್ಲಿದೆ, ಒಂದು ಹಿಡಿ ಗರಿಕೆ ಇಲ್ವೇನಪ್ಪಾ?"

"ಗರಿಕೆ ಇಲ್ಲಿ ಕಳೆ ಅತ್ತೆ. ಕಂಡ್ರೆ ಔಷಧಿ ಹೊಡೀತೀನಿ," ಎಂದರು ಭಾವ.

ಗಣಪ ಇಂಡಿಯನ್ ಸ್ಟೋರಿನ ಪ್ಲಾಸ್ಟಿಕ್ ಪೊಟ್ಟಣದ ಗರಿಕೆಗೇ ತೃಪ್ತನಾದ.

ನಿಜವಾದ ಯುದ್ಧ ವಿಸರ್ಜನೆಯದು. ನೀರಿನ ಟಬ್ ಇಡುವುದು ಹಿತ್ತಲಿನ ಕೊನೆಯ ಮೇಪಲ್ ಮರದ ಕೆಳಗೆ. ಈ ಸಲ ಅಲ್ಲಿಯವರೆಗೂ ಬೀಜ ಹಾಕಿ, ಹಗ್ಗ ಕಟ್ಟಿದ್ದರು. ಕೂಸಿನ ತಲೆಗೂದಲಿನಂಥ ಮೊಳಕೆ! ಗ್ಯಾರೇಜಿನಲ್ಲೇ ಮುಳುಗಿಸೋಣ ಎಂದರು ಭಾವ. "ಆಯಿಲ್ ಡಬ್ಬದ ಪಕ್ಕ ಗಣಪನ್ನ ಮುಳುಗ್ಸೋಕೆ ನಾನಂತೂ ಒಪ್ಪಲ್ಲ," ಎಂದಳು ಅಕ್ಕ. ಕೊನೆಗೆ ಬೇಲಿ ಪಕ್ಕದ ಚಪ್ಪಡಿಗಳ ಮೇಲೆ ಒಬ್ಬೊಬ್ಬರಾಗಿ ಹೋಗುವುದೆಂದಾಯಿತು. "ಅಂಕಲ್, ಇಟ್ಸ್ ಜಸ್ಟ್ ಗ್ರಾಸ್," ಎಂದ ನೆಂಟರ ಹುಡುಗಿಯೊಬ್ಬಳನ್ನು ಭಾವ ಗುಡಿಗೆ ಬೂಟು ಹಾಕಿಕೊಂಡು ಬಂದವಳಂತೆ ನೋಡಿದರು.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲೇ ನಿಂತಳು. ಸೊಂಟದ ಆಪರೇಷನ್ ಆದಮೇಲೆ ಅವಳ ನಡಿಗೆ ಗಾಲಿಯ ವಾಕರ್ ಹಿಡಿದೇ. ಅದು ಆ ಕಿರಿದಾದ ಚಪ್ಪಡಿಗಳ ಮೇಲೆ ಕೂರದು. ಪ್ರತಿ ವರ್ಷ ಗಣಪನನ್ನು ನೀರಿಗೆ ಬಿಡುವವಳೇ ಅವಳು. ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ, ನೀವು ಹೋಗಿ ಎಂದಳು. ಅಕ್ಕ ಮುಖ ತಿರುಗಿಸಿಕೊಂಡಳು.

ಭಾವ ಹಗ್ಗದ ಗೂಟ ಕಿತ್ತರು. ವಾಕರ್ ಎತ್ತಿ ಮೊಳಕೆಯ ಮೇಲೇ ಇಟ್ಟರು.

"ಬೇಡಪ್ಪಾ, ಈಗ ತಾನೇ ಚಿಗುರಿದೆ."

"ಬೀಜ ಇನ್ನೂ ಇದೆ ಅತ್ತೆ. ನೀವು ನಿಧಾನಕ್ಕೆ ಬನ್ನಿ."

ಒದ್ದೆ ಮಣ್ಣಿನಲ್ಲಿ ಹೂತ ಗಾಲಿಗಳನ್ನು ಹೆಜ್ಜೆಹೆಜ್ಜೆಗೂ ಬಗ್ಗಿ ಎತ್ತುತ್ತಾ, ಮರದವರೆಗೂ ಜೊತೆಗೆ ನಡೆದರು. ಅಮ್ಮನೇ ಗಣಪನನ್ನು ನೀರಿಗೆ ಬಿಟ್ಟಳು.

ಆಮೇಲೆ ಚಿತ್ರಾನ್ನ, ಮೊಸರನ್ನ ತಿಂದೆವು. ಮೊದಲು ನಿದ್ದೆ ಹೋದವರು ಭಾವ, ಕಾಲಿನ ಕೆಸರನ್ನೂ ತೊಳೆಯದೆ, ಸೋಫಾದ ಮೇಲೆ. ಟಿವಿ ಸದ್ದು ಕಡಿಮೆ ಮಾಡೆಂದು ಅಮ್ಮ ನನಗೆ ಸನ್ನೆ ಮಾಡಿದಳು.